ಕೇಳುವವನ ಕುರ್ಚಿ

ಮಡಕಶಿರಾ, ಹಿಂದೂಪುರ, ಪೆನುಕೊಂಡ, ರಾಯದುರ್ಗದ ಕಡೆ ಯುಗಾದಿ ಹತ್ತಿರ ಬಂತೆಂದರೆ ಎಲ್ಲಾದರೂ ಒಂದು ಊರಲ್ಲಿ ಅಷ್ಟಾವಧಾನ ಏರ್ಪಾಟಾಗುತ್ತೆ. ಕಲ್ಯಾಣಮಂಟಪವೋ, ಗುಡಿ ಮುಂದಿನ ಚಪ್ಪರವೋ, ಹೈಸ್ಕೂಲಿನ ಬಯಲೋ, ಜಾಗ ಯಾವುದಾದರೂ ಸರಿ. ನಡುವೆ ಅವಧಾನಿಗಳು, ಅವರ ಎಡಕ್ಕೂ ಬಲಕ್ಕೂ ಎಂಟು ಕುರ್ಚಿ. ಬಂದ ಜನವೆಲ್ಲ ನಡುವೆ ಕೂತವರನ್ನೇ ನೋಡ್ತಾರೆ. ನನ್ನ ಕಣ್ಣು ಮಾತ್ರ ಆ ಎಂಟು ಕುರ್ಚಿಗಳ ಮೇಲೆ. ಅಲ್ಲಿ ಕೂತು ಪ್ರಶ್ನೆ ಹಾಕುವವರಿಗೆ ಪೃಚ್ಛಕರು ಅಂತ ಹೆಸರು. ಉತ್ತರ ಹೇಳೋದು ದೊಡ್ಡ ವಿದ್ಯೆ, ಇಲ್ಲ ಅನ್ನೋಲ್ಲ. ಆದರೆ ಕೇಳೋದಕ್ಕೂ ಒಂದು ವಿದ್ಯೆ ಬೇಕು, ಅದಕ್ಕಿಂತ ಹೆಚ್ಚಾಗಿ ಒಂದು ಮರ್ಯಾದೆ ಬೇಕು. ಆ ಎಂಟರಲ್ಲಿ ಒಂದು ಕುರ್ಚಿಯನ್ನು ನಮ್ಮ ಕಡೆಯ ಕೆಲವು ಸಭೆಗಳಲ್ಲಿ ಕನ್ನಡಕ್ಕೆ ಅಂತ ಬಿಡುತ್ತಿದ್ದರು. ಅದರಲ್ಲಿ ಹಲವು ಸಲ ಕೂತವನು ನಾನು. ಆ ಕುರ್ಚಿಯ ವಿಷಯವಾಗಿಯೇ ಈ ಬರಹ.

ನಾನು ಪಂಡಿತನಲ್ಲ. ನಾಲ್ಕು ಎಕರೆ ಖುಷ್ಕಿಯಲ್ಲಿ ಕಡಲೆಕಾಯಿ, ರಾಗಿ; ಬೋರಿನ ಕೆಳಗೆ ಒಂದು ಎಕರೆ ಹಿಪ್ಪುನೇರಳೆ. ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಗಡಿ ದಾಟಿ ಪಾವಗಡದಲ್ಲಿ. ಮನೆ ಮಾತು ಕನ್ನಡ, ಸಂತೆ ಮಾತು ತೆಲುಗು, ಪದ್ಯ ಎರಡರಲ್ಲೂ ಬರೀತೀನಿ. ನಮ್ಮಂಥವರು ಈ ಸೀಮೆಯಲ್ಲಿ ಹೊಸಬರಲ್ಲ. 1953ರಲ್ಲಿ ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ಆ ಕಡೆಗೆ ಹೋದವು. ನಮ್ಮ ಮಡಕಶಿರಾ ಅದಕ್ಕೂ ಮುಂಚಿನಿಂದ ಅನಂತಪುರ ಜಿಲ್ಲೆಯದು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಯದು. ಹೇಮಾವತಿಯಲ್ಲಿ ನೊಳಂಬರ ಕಾಲದ ಕನ್ನಡ ಶಾಸನಗಳು ಇವತ್ತೂ ನಿಂತಿವೆ. ಜಿಲ್ಲೆಯ ಹೆಸರು ಎಷ್ಟು ಸಲ ಬದಲಾದರೂ ಅವಕ್ಕೆ ಅದರ ಸುದ್ದಿ ಮುಟ್ಟಿಲ್ಲ.

ಅವಧಾನ ನೋಡದವರಿಗೆ ಎರಡು ಮಾತು ಹೇಳಬೇಕು. ಎಂಟು ಜನ ಎಂಟು ಥರದ ಕೆಲಸ ಕೊಡ್ತಾರೆ. ಒಬ್ಬರು ಸಮಸ್ಯೆ ಕೊಡ್ತಾರೆ, ಅಂದರೆ ಮೇಲ್ನೋಟಕ್ಕೆ ಅಸಂಬದ್ಧವಾಗಿ ಕಾಣುವ ಪದ್ಯದ ಕೊನೆಯ ಸಾಲು. ಉಳಿದ ಸಾಲು ಕಟ್ಟಿ ಅದಕ್ಕೆ ಅರ್ಥ ಬರುವಂತೆ ಮಾಡಬೇಕು. ಇನ್ನೊಬ್ಬರು ದತ್ತಪದಿ, ಅಂದರೆ ನಾಲ್ಕು ಸಂಬಂಧವಿಲ್ಲದ ಪದ ಕೊಟ್ಟು ಒಂದೇ ಪದ್ಯದಲ್ಲಿ ಹೊಂದಿಸಿ ಅನ್ನುತ್ತಾರೆ. ಮತ್ತೊಬ್ಬರು ನಿಷಿದ್ಧಾಕ್ಷರಿ. ವರ್ಣನೆ, ಆಶುಕವಿತೆ, ಪುರಾಣ ವಾಚನ ಇರುತ್ತೆ. ಒಬ್ಬರು ನಡುನಡುವೆ ಗಂಟೆ ಬಾರಿಸ್ತಾ ಇರ್ತಾರೆ, ಎಷ್ಟು ಪೆಟ್ಟು ಬಿತ್ತು ಅಂತ ಅವಧಾನಿಗಳು ಕೊನೆಗೆ ಲೆಕ್ಕ ಒಪ್ಪಿಸಬೇಕು. ಎಂಟನೆಯವರು ಅಪ್ರಸ್ತುತ ಪ್ರಸಂಗಿ, ಬೇಕಾದ್ದು ಬೇಡದ್ದು ಮಾತಾಡಿ ಗಮನ ಕೆಡಿಸೋದೇ ಅವರ ಉದ್ಯೋಗ. ಒಂದು ಸುತ್ತಿಗೆ ಒಬ್ಬೊಬ್ಬರಿಗೆ ಒಂದೊಂದೇ ಸಾಲು, ನಾಲ್ಕು ಸುತ್ತು. ಕೊನೆಗೆ ಧಾರಣೆ: ಎಲ್ಲ ಪದ್ಯಗಳನ್ನೂ ಒಂದಕ್ಷರ ಬಿಡದೆ ಮೊದಲಿಂದ ಒಪ್ಪಿಸೋದು. ಕೈಯಲ್ಲಿ ಕಾಗದ ಇಲ್ಲ, ಪೆನ್ನಿಲ್ಲ. ಕನ್ನಡದ ಅವಧಾನಗಳಲ್ಲಿ ಸಂಖ್ಯಾಬಂಧ ಅಂತಲೂ ಇರುತ್ತೆ; ಚೌಕದ ಮನೆಗಳಲ್ಲಿ ಅಂಕಿ ತುಂಬೋದು, ಯಾವ ಕಡೆಯಿಂದ ಕೂಡಿದರೂ ಹೇಳಿದ ಮೊತ್ತವೇ ಬರಬೇಕು.

ಈ ಆಟದಲ್ಲಿ ಕೇಳುವವನಿಗೆ ಇರುವ ಮೊದಲನೇ ಕಟ್ಟಳೆ: ತನ್ನ ಜೇಬಿನಲ್ಲಿ ಒಂದು ಉತ್ತರ ಇಟ್ಟುಕೊಂಡೇ ಕೇಳಬೇಕು. ಬಾಗಿಲೇ ಇಲ್ಲದ ಕೋಣೆಗೆ ಒಬ್ಬರನ್ನು ತಳ್ಳಿ ಹೊರಗೆ ಬಾ ಅನ್ನಕೂಡದು. ಅವಧಾನಿಗಳು ಯಾವಾಗ ಬೇಕಾದರೂ ನಗುತ್ತಾ, "ತಾವೇ ಒಂದು ಪೂರಣ ಹೇಳಿ, ಕೇಳಿ ಸಂತೋಷಪಡ್ತೀವಿ" ಅನ್ನಬಹುದು. ಆಗ ಎದ್ದು ಹೇಳೋ ಶಕ್ತಿ ಇರಬೇಕು. ಹಾಗಂತ ಕೇಳದೆ ಹೋದರೂ ಜೇಬಿನಿಂದ ತೆಗೆದು "ನನ್ನದು ಇನ್ನೂ ಚೆನ್ನಾಗಿದೆ" ಅಂತ ಓದಕೂಡದು. ಇದು ಎರಡನೆಯದು, ಮೊದಲನೆಯದಕ್ಕಿಂತ ಕಷ್ಟದ್ದು. ಎಂಥೆಂಥ ವಿದ್ವಾಂಸರೂ ಇಲ್ಲಿ ಜಾರಿದ್ದನ್ನು ನೋಡಿದ್ದೇನೆ.

ನಿಷಿದ್ಧಾಕ್ಷರಿಯ ಕುರ್ಚಿಯ ಮರ್ಮ ಬೇರೆ. ಅವಧಾನಿ ಒಂದು ಅಕ್ಷರ ನುಡಿದ ಕೂಡಲೇ ಮುಂದೆ ಯಾವ ಅಕ್ಷರ ಬರಕೂಡದು ಅಂತ ಇವನು ತಡೆಯಬೇಕು. ಅವರು "ಹೊ" ಅಂದರು ಅಂತಿಟ್ಟುಕೊಳ್ಳಿ. ರೈತನ ತಲೆಗೆ ಥಟ್ಟನೆ ಹೊಲ ಬರುತ್ತೆ, "ಲ ಬೇಡ" ಅಂತೀನಿ. ಅವರು "ಳೆ" ಅಂತಾರೆ, ಹೊಲ ಹೋಗಿ ಹೊಳೆ ಆಯ್ತು, ಪದ್ಯ ಹರೀತು. ಅವರ ಮನಸ್ಸಿನಲ್ಲಿ ಯಾವ ಪದ ಮೊಳೀತಾ ಇದೆ ಅಂತ ಊಹಿಸದೆ ತಡೆಯೋಕೆ ಆಗೋದಿಲ್ಲ. ಅಂದರೆ ಎದುರಾಳಿ ಪದ್ಯವನ್ನು ಇವನೂ ಒಳಗೊಳಗೇ ಬರೀತಾ ಇರಬೇಕು. ಕಬಡ್ಡಿಯಲ್ಲಿ ಕಾಲು ಹಿಡಿಯುವವನಿಗೆ ದಾಳಿಗೆ ಬಂದವನ ಹೆಜ್ಜೆ ಗೊತ್ತಿರೋ ಹಾಗೆ.

ಅಪ್ರಸ್ತುತ ಪ್ರಸಂಗಿಗೆ ಬಾಯಿ ಬಿಟ್ಟುಕೊಟ್ಟಿರುತ್ತೆ. ಆದರೆ ಅದಕ್ಕೂ ಬೇಲಿ ಇದೆ: ಮನೆಯವರ ಸುದ್ದಿ ಇಲ್ಲ, ಜಾತಿ ಸುದ್ದಿ ಇಲ್ಲ, ಮೈಯ ಕೊರತೆ ಎತ್ತಿ ಆಡೋದಿಲ್ಲ. ನಗು ಬರಬೇಕು, ಗಾಯ ಆಗಬಾರದು. ಮೊದಲು ದನದ ಜಾತ್ರೆಗಳಲ್ಲಿ ಟವೆಲ್ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡುತ್ತಿದ್ದದ್ದು ನೆನಪಿರಬಹುದು. ಒಬ್ಬ ಕೇಳಿದ ಬೆಲೆ ಇನ್ನೊಬ್ಬನಿಗೆ ಕಾಣಬಾರದು, ವ್ಯಾಪಾರ ಮುರಿದರೂ ಎತ್ತಿನ ಮಾನ ಹೋಗಬಾರದು. ಅದೇ ನಯ ಇಲ್ಲೂ ಬೇಕು.

ಎರಡು ಭಾಷೆ ಸೇರಿದ ಸಭೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಒಳನಾಡಿನವರಿಗೆ ಇದು ತಿಳಿಯೋದು ಕಷ್ಟ. ತೆಲುಗು ಪದ್ಯಕ್ಕೆ ಪ್ರಾಸವೂ ಬೇಕು, ಯತಿಯೂ ಬೇಕು. ಕನ್ನಡದಲ್ಲಿ ಆದಿಪ್ರಾಸ ಕಟ್ಟುನಿಟ್ಟು, ಯತಿಯನ್ನು ನಮ್ಮ ಕವಿಗಳು ಹಿಂದಿನಿಂದಲೂ ಲೆಕ್ಕಕ್ಕೆ ಹಿಡಿದಿಲ್ಲ. ಕಂದಪದ್ಯ ಇಬ್ಬರಿಗೂ ಸೇರಿದ್ದು, ಆದರೆ ತೆಲುಗಿನ ಕಂದಕ್ಕೆ ಯತಿ ಇದೆ, ನಮ್ಮದಕ್ಕೆ ಇಲ್ಲ. ಷಟ್ಪದಿ ನಮ್ಮ ಮನೆಯ ಕೂಸು. ಕನ್ನಡದ ಪದ್ಯ ಹೇಳುವಾಗ ತೆಲುಗಿನವರು "ಯತಿ ಎಲ್ಲಿ ಹೋಯ್ತು ಸ್ವಾಮಿ?" ಅಂತ ಕೂಗಿದರೆ ಅದು ಅನ್ಯಾಯ. ಹಾಗೇ ತೆಲುಗಿನವರು ಯತಿಗಾಗಿ ಒಂದು ಪದ ಹಿಂದೆಮುಂದೆ ಮಾಡಿದರೆ ನಾವು "ಇದೇನು ಸುತ್ತಿ ಬಳಸಿ ಹೇಳ್ತಾರೆ" ಅಂತ ಆಡಿಕೊಳ್ಳೋದೂ ಅನ್ಯಾಯ. ಅವರವರ ಮನೆಗೆ ಅವರವರ ಹೊಸಿಲು.

ಪೈಪೋಟಿ ಹದ ತಪ್ಪಿದ ಕಾಲವೂ ಇತ್ತು. ತೆಲುಗಿನಲ್ಲಿ ಅವಧಾನವನ್ನು ಊರೂರಿಗೆ ಒಯ್ದವರು ತಿರುಪತಿ ವೆಂಕಟ ಕವುಲು ಅಂತ ಹೆಸರಾದ ಜೋಡಿ, ದಿವಾಕರ್ಲ ತಿರುಪತಿ ಶಾಸ್ತ್ರಿ ಮತ್ತು ಚೆಳ್ಳಪಿಳ್ಳ ವೆಂಕಟ ಶಾಸ್ತ್ರಿ. ಅದೇ ಕಾಲಕ್ಕೆ ಕೊಪ್ಪರಪು ಸೋದರ ಕವಿಗಳು ಆಶುಕವಿತೆಯ ವೇಗಕ್ಕೆ ಹೆಸರಾದರು. ಇಪ್ಪತ್ತನೇ ಶತಮಾನದ ಮೊದಲಲ್ಲಿ ಈ ಎರಡು ಜೋಡಿಗಳ ನಡುವೆ ನಡೆದ ಜಗಳ ಸಭೆಯಿಂದ ಅಚ್ಚಿನ ಮನೆಗೂ ಹೋಯಿತು, ಅಭಿಮಾನಿಗಳು ಎರಡು ಪಕ್ಷವಾದರು. ಆ ಜಗಳದಲ್ಲಿ ಒಳ್ಳೆಯ ಪದ್ಯಗಳೂ ಹುಟ್ಟಿದವು ಅಂತ ಹೇಳೋರಿದ್ದಾರೆ. ಇರಬಹುದು. ಬೆಂಕಿ ಬಿದ್ದ ಬಣವೆಯ ಮುಂದೆಯೂ ಚಳಿ ಕಾಯಿಸಿಕೊಳ್ಳಬಹುದು.

ನನಗೆ ಹೆಚ್ಚು ಇಷ್ಟವಾಗೋದು ಇನ್ನೊಂದು ಕಥೆ. ಕನ್ನಡದಲ್ಲಿ ಇವತ್ತು ಅವಧಾನ ಅಂದರೆ ಶತಾವಧಾನಿ ಆರ್. ಗಣೇಶರ ಹೆಸರು ಬರುತ್ತೆ. ಕೋಲಾರದಲ್ಲಿ ಹುಟ್ಟಿದ ಅವರು ಈ ಹಾದಿಗೆ ಬಂದದ್ದು 1981ರಲ್ಲಿ, ಲೇಪಾಕ್ಷಿ ಮೇಡವರಂ ಮಲ್ಲಿಕಾರ್ಜುನ ಶರ್ಮರ ಅವಧಾನ ನೋಡಿದ ಮೇಲೆ. ಅದೇ ಗಣೇಶರು 2012ರ ನವೆಂಬರ್ 30ರಿಂದ ಡಿಸೆಂಬರ್ 2ರವರೆಗೆ ಬೆಂಗಳೂರಿನಲ್ಲಿ ನೂರು ಪೃಚ್ಛಕರ ಮುಂದೆ ಪೂರ್ತಿ ಕನ್ನಡದಲ್ಲೇ ಶತಾವಧಾನ ಮಾಡಿದರು. ತೆಲುಗಿನ ದೀಪದಿಂದ ಹಚ್ಚಿಕೊಂಡ ಕನ್ನಡದ ದೀಪ ಅದು.

ಈಗ ಕುರ್ಚಿಯ ವಿಷಯಕ್ಕೆ ಬರ್ತೀನಿ. ಕೆಲವು ವರ್ಷದ ಹಿಂದೆ ನಮ್ಮ ಹತ್ತಿರದ ಒಂದು ಊರಲ್ಲಿ ಯುಗಾದಿ ಅವಧಾನದ ಆಹ್ವಾನ ಪತ್ರಿಕೆ ಬಂತು. ನೋಡಿದರೆ ಎಂಟು ಹೆಸರೂ ತೆಲುಗಿನ ಪೃಚ್ಛಕರದ್ದೇ. ಕೇಳಿದ್ದಕ್ಕೆ, "ಕನ್ನಡ ಕೇಳೋರು ಸಭೆಯಲ್ಲಿ ಎಷ್ಟು ಜನ ಇರ್ತಾರಪ್ಪಾ? ಹತ್ತು ನಿಮಿಷ ಸುಮ್ಮನೆ ವ್ಯರ್ಥ" ಅಂತ ಉತ್ತರ ಬಂತು. ನಮ್ಮ ಹುಡುಗರಿಗೆ ಸಿಟ್ಟು ಬಂತು. ಮನವಿ ಪತ್ರ ಬರೀಬೇಕು, ಸಭೆಯಲ್ಲಿ ಎದ್ದು ಕೇಳಬೇಕು ಅಂತೆಲ್ಲ ಮಾತಾಯ್ತು.

ಅಷ್ಟರಲ್ಲಿ ಪೆನುಕೊಂಡ ಕಡೆಯ ಒಬ್ಬ ನಿವೃತ್ತ ತೆಲುಗು ಮೇಷ್ಟ್ರು ಫೋನ್ ಮಾಡಿದರು. ಸಮಸ್ಯೆಯ ಕುರ್ಚಿ ಅವರದ್ದು, ನನಗೂ ಅವರಿಗೂ ಹದಿನೈದು ವರ್ಷದ ಪೈಪೋಟಿ. "ಕವಿಗಾರು, ನಾನು ಅವರಿಗೆ ಹೇಳಿದ್ದೀನಿ. ನನ್ನ ಕುರ್ಚಿ ನಿಮಗೆ. ನಾನು ಗಂಟೆ ಬಾರಿಸ್ತೀನಿ" ಅಂದರು. ಗಂಟೆ ಬಾರಿಸೋ ಕೆಲಸ ನಮ್ಮ ಕಡೆ ಹೈಸ್ಕೂಲ್ ಹುಡುಗರಿಗೆ ಕೊಡೋದು. ಮೂವತ್ತು ವರ್ಷ ಛಂದಸ್ಸು ಪಾಠ ಮಾಡಿದವರು ಆ ದಿನ ಗಂಟೆ ಹಿಡಿದು ಕೂತರು. ಕಾರ್ಯಕ್ರಮದವರಿಗೆ ಮಾತಾಡೋಕೆ ದಾರಿ ಉಳಿಯಲಿಲ್ಲ.

ಆ ದಿನದ ಅವಧಾನಿಗಳು ಕರಾವಳಿ ಆಂಧ್ರದವರು, ಕನ್ನಡ ಓದಬಲ್ಲರು, ಮಾತು ಅಷ್ಟಕ್ಕಷ್ಟೆ. ಷಟ್ಪದಿ ಕೇಳಿ ಅವರನ್ನು ಕಟ್ಟಿಹಾಕೋದು ನನಗೆ ಕಷ್ಟವಿರಲಿಲ್ಲ, ನಮ್ಮ ಹುಡುಗರಿಗೂ ಅದೇ ಬೇಕಿತ್ತು. ನಾನು ಸಮಸ್ಯೆ ಬಿಟ್ಟು ವರ್ಣನೆ ಕೇಳಿದೆ, ಇಬ್ಬರಿಗೂ ಸೇರಿದ ಕಂದದಲ್ಲಿ. ವಿಷಯ: ನಾಲ್ಕನೇ ಜ್ವರ ಎದ್ದ ರೇಷ್ಮೆ ಹುಳು ಸೊಪ್ಪು ತಿನ್ನುವಾಗ ನಡುರಾತ್ರಿ ಹುಳುಮನೆಯಲ್ಲಿ ಕೇಳೋ ಸದ್ದು. ಸಾಕಿದವರಿಗೆ ಗೊತ್ತು, ಅದು ಥೇಟ್ ಮಳೆ ಹನಿದ ಹಾಗೆ ಇರುತ್ತೆ. ಅವರಿಗೆ ಆ ಸದ್ದು ಗೊತ್ತಿರಲಿಲ್ಲ, ನಾನು ವಿವರಿಸಿದೆ. ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೂತರು. ನಾಲ್ಕು ಸುತ್ತಿನಲ್ಲಿ ಪದ್ಯ ಮುಗಿದಾಗ ಅವರ ಕನ್ನಡದಲ್ಲಿ ಒಂದು ವಿಭಕ್ತಿ ತೆಲುಗಿನ ಹಾಗೆ ಬಾಗಿತ್ತು, ಆದರೆ ಮಳೆಯಿಲ್ಲದ ಸೀಮೆಯವರು ಮನೆಯೊಳಗೇ ಮಳೆ ಸಾಕಿಕೊಂಡಿದ್ದಾರೆ ಅನ್ನೋ ಅರ್ಥ ಬಂದಿತ್ತು. ಹಿಂದೂಪುರದ ಗೂಡಿನ ಮಾರುಕಟ್ಟೆಯಿಂದ ನೇರ ಬಂದು ಹಿಂದಿನ ಸಾಲಲ್ಲಿ ನಿಂತಿದ್ದ ನಾಲ್ಕೈದು ಜನ ಚಪ್ಪಾಳೆ ಹೊಡೆದದ್ದು ನೋಡಬೇಕಿತ್ತು. ತೆಲುಗಿನವರು ಯಾರು, ಕನ್ನಡದವರು ಯಾರು ಅಂತ ಆ ಗದ್ದಲದಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಹತ್ತು ನಿಮಿಷದ ವ್ಯರ್ಥದ ಮಾತು ಆಮೇಲೆ ಯಾರೂ ಎತ್ತಲಿಲ್ಲ.

ಅವಧಾನ ವರ್ಷಕ್ಕೊಂದು ಸಲ. ಉಳಿದ ದಿನಗಳಲ್ಲಿ ನಮ್ಮ ಪೈಪೋಟಿ ಫೋನಿನಲ್ಲಿ. ಸುಮಾರು ನಲವತ್ತು ಜನ ಇದ್ದೇವೆ: ಮೇಷ್ಟ್ರುಗಳು, ರೈತರು, ಒಬ್ಬ ರಸಗೊಬ್ಬರದ ಅಂಗಡಿಯವನು, ಆದೋನಿಯ ಹತ್ತಿ ಮಂಡಿಯ ಗುಮಾಸ್ತ, ಬೆಂಗಳೂರಿಗೆ ಕೆಲಸಕ್ಕೆ ಹೋದ ಹುಡುಗರು. ಬೆಳಿಗ್ಗೆ ಒಬ್ಬರು ಸಮಸ್ಯೆ ಹಾಕ್ತಾರೆ, ಸಂಜೆ ದೀಪ ಹಚ್ಚೋವರೆಗೆ ಗಡುವು. ಕಟ್ಟಳೆ ಹೆಚ್ಚಿಲ್ಲ. ಉತ್ತರ ಸಿಕ್ಕವರು ಮೊದಲು ಕೊಟ್ಟವರಿಗೆ ಮಾತ್ರ ಕಳಿಸಬೇಕು, ಎಲ್ಲರ ಮುಂದೆ ಸುರಿದರೆ ಇನ್ನೂ ತಲೆ ಕೆರೆದುಕೊಳ್ತಾ ಇರೋರ ಸಂತೋಷ ಹಾಳು. ತಪ್ಪಿದವರ ತಪ್ಪನ್ನು ಅವರೊಬ್ಬರಿಗೇ ಹೇಳಬೇಕು. ಗೆದ್ದವನು ಮಾರನೇ ದಿನ ಕೇಳುವವನಾಗಬೇಕು, ಇದೇ ಬಹುಮಾನ, ಇದೇ ಶಿಕ್ಷೆ. ಈಗ ಯಂತ್ರಕ್ಕೆ ಕೇಳಿದರೂ ಪದ್ಯ ಬರೆದುಕೊಡುತ್ತೆ. ಒಬ್ಬಿಬ್ಬರು ಹಾಗೆ ತಂದು ಹಾಕಿದ್ದೂ ಉಂಟು. ಎರಡನೇ ಸಾಲಿಗೇ ಪ್ರಾಸ ಕುಂಟುತ್ತಿತ್ತು, ನಾವು ಏನೂ ಅನ್ನದೆ ಒಂದು ಎತ್ತಿನ ಚಿತ್ರ ಕಳಿಸಿದೆವು. ಅವರಿಗೆ ಅರ್ಥ ಆಯ್ತು.

ಟಿವಿಯಲ್ಲಿ ಪ್ರಶ್ನೋತ್ತರದ ಆಟಗಳಿಗೆ ಕೊರತೆಯಿಲ್ಲ. 2012ರಲ್ಲಿ ಪುನೀತ್ ರಾಜ್‌ಕುಮಾರ್ 'ಕನ್ನಡದ ಕೋಟ್ಯಧಿಪತಿ' ನಡೆಸಿದರು, 2014ರಲ್ಲಿ ತೆಲುಗಿನಲ್ಲಿ ನಾಗಾರ್ಜುನ ಬಂದರು. ನಮ್ಮ ಮನೆಗಳಲ್ಲಿ ಎರಡನ್ನೂ ನೋಡಿದ್ದೇವೆ. ಆದರೆ ನನ್ನ ಮನಸ್ಸಿಗೆ ಹಿಡಿಸಿದ್ದು ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರರು 2002ರಲ್ಲಿ ಶುರು ಮಾಡಿದ 'ಥಟ್ ಅಂತ ಹೇಳಿ'. ಅಲ್ಲಿ ಬಹುಮಾನ ಪುಸ್ತಕ. ಉತ್ತರ ತಪ್ಪಿದರೆ ಅಣಕಿಲ್ಲ, ಸರಿಯುತ್ತರದ ಹಿಂದಿನ ವಿಷಯ ಬಿಡಿಸಿ ಹೇಳ್ತಾರೆ, ಸೋತವರೂ ಏನಾದರೂ ಕಲಿತೇ ಏಳ್ತಾರೆ. ಕೇಳುವವನ ಕುರ್ಚಿಯಲ್ಲಿ ಕೂರೋದು ಹೇಗೆ ಅಂತ ಕಲಿಯೋರು ಅವರನ್ನು ನೋಡಬೇಕು.

ನಮ್ಮ ಆಟದ ಗಮ್ಮತ್ತು ಎರಡು ಭಾಷೆಯ ಸಂದಿಯಲ್ಲಿದೆ. ನಮಗೆ ಎದ್ದು ಅಂದರೆ ಎದ್ದು ನಿಲ್ಲೋದು, ತೆಲುಗಿನವರಿಗೆ ಎತ್ತು. ನಮಗೆ ಅತ್ತ ಅಂದರೆ ಆ ಕಡೆ, ಅವರಿಗೆ ಅತ್ತೆ. ನಮಗೆ ಕುಡಿ ಅಂದರೆ ಚಿಗುರು, ಅವರಿಗೆ ಬಲಗಡೆ. ಕೆರೆ ತುಂಬಿ ಹರಿದರೆ ನಾವು ಕೋಡಿ ಬಿತ್ತು ಅಂತೀವಿ, ಅವರಿಗೆ ಕೋಡಿ ಅಂದರೆ ಕೋಳಿ. ಇದನ್ನೇ ಹಿಡಿದು ಮೇಷ್ಟ್ರು ಒಂದು ದಿನ ನನಗೆ ಹಾಕಿದ ಸಮಸ್ಯೆ: "ಕೋಡಿ ಕೂಗಿತು ನಡುವಿರುಳಿನಲಿ ಊರು ಕಣ್ತೆರೆಯೆ." ತೆಲುಗಿನ ಕಿವಿಗೆ ಇದು ನಡುರಾತ್ರಿ ಕೋಳಿ ಕೂಗಿದ ಅಪಶಕುನ. ಕನ್ನಡದವನಿಗೆ ಸುಲಭವಲ್ಲವೇ ಅಂತೀರಾ? ಷರತ್ತು ಕೇಳಿ: ಪದ್ಯದಲ್ಲಿ ಕೆರೆ ಅನ್ನೋ ಮಾತೇ ಬರಕೂಡದು, ಆದರೂ ತೆಲುಗಿನವರಿಗೆ ಕೋಳಿ ಹಾರಿಹೋಗಿ ನೀರು ಕಾಣಬೇಕು. ಆವತ್ತು ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡೋ ದಿನ, ಕೈ ಬಿಡುವಿಲ್ಲ. ಮಾತ್ರೆ ಎಣಿಸಿಕೊಂಡೇ ಹುಳು ಆರಿಸಿದೆ. ಸಂಜೆಗೆ ಕಳಿಸಿದ್ದು ಇದು:

ಬೇಡಿ ಬೇಸತ್ತಿದ್ದ ಮಳೆಯನು
ಬಾಡಿ ನಿಂತಿಹ ರಾಗಿ ಹೊಲಗಳು
ನೋಡುತಿರೆ ಮುಗಿಲತ್ತ ಕಣ್ಣಲಿ ನೀರು ಬತ್ತಿರಲು
ಗಾಡಿಗಾಡಿಗೆ ಮೋಡ ಬಂದವು
ಮೂಡಲಿಂದಲಿ ಮಳೆಯು ಸುರಿಯಿತು
ಕೋಡಿ ಕೂಗಿತು ನಡುವಿರುಳಿನಲಿ ಊರು ಕಣ್ತೆರೆಯೆ

ಮೇಷ್ಟ್ರು ಒಪ್ಪಿದರು. ಒಪ್ಪಿ, "ಎಲ್ಲಾ ಸರಿ ಕವಿಗಾರು, ಆ ಮೂರನೇ ಸಾಲಿನಲ್ಲಿ ಮುಗಿಲಿನ ಅತ್ತೆ ಯಾಕೆ ಬಂದಳು?" ಅಂತ ಕೊಕ್ಕೆ ಹಾಕಿದರು. ಮಾರನೇ ದಿನ ನನ್ನ ಸರದಿ. ತೆಲುಗಿನಲ್ಲೇ ಕೊಟ್ಟೆ: "ಎದ್ದು ಪದ್ಯಮು ಚೆಪ್ಪೆ ಸಭ ಮೆಚ್ಚ." ಕನ್ನಡದ ಕಿವಿಗೆ ಯಾರೋ ಎದ್ದು ನಿಂತು ಪದ್ಯ ಹೇಳಿದ ಹಾಗೆ, ಅವರಿಗೆ ಎತ್ತೇ ಪದ್ಯ ಹೇಳಬೇಕು. ಅವರು ಎತ್ತನ್ನು ಲೇಪಾಕ್ಷಿಗೆ ಹೊಡೆದುಕೊಂಡು ಹೋದರು. ಒಂದೇ ಬಂಡೆಯಲ್ಲಿ ಕಡೆದ ಆ ದೊಡ್ಡ ಬಸವಣ್ಣನ ಕೊರಳ ಗಂಟೆಯೇ ಶಿಲ್ಪಿಯ ಪದ್ಯ, ಬಂದುಹೋಗೋ ಯಾತ್ರಿಕರೇ ಸಭೆ. ನಾನು ಜೇಬಿನಲ್ಲಿ ಇಟ್ಟುಕೊಂಡಿದ್ದ ಉತ್ತರ ಜೇಬಿನಲ್ಲೇ ಉಳೀತು. ಅದನ್ನು ಹೇಳೋ ಹಾಗೂ ಇರಲಿಲ್ಲ, ಹೇಳೋ ಮುಖವೂ ಇರಲಿಲ್ಲ.

ಮೇಷ್ಟ್ರಿಗೆ ಈಗ ಎಪ್ಪತ್ತು ದಾಟಿದೆ. ನನ್ನ ಮಗ ಕನ್ನಡ ಮಾತಾಡ್ತಾನೆ, ಬರೆಯೋದು ತೆಲುಗು. ಅವನ ಮಕ್ಕಳಿಗೆ ಇಂಗ್ಲಿಷ್ ಶಾಲೆ. ಹಾಗಾಗಿ ಕುರ್ಚಿ ಬಿಡಿಸಿಕೊಂಡರೂ ಅದರಲ್ಲಿ ಕೂರೋರು ಯಾರು ಅನ್ನೋ ಚಿಂತೆ ನನಗಿತ್ತು. ಕನ್ನಡದಲ್ಲಿ ಪ್ರಶ್ನೆ ಕೇಳೋಕೆ ಹತ್ತನೇ ಇಯತ್ತೆಯವರೆಗಾದರೂ ಕನ್ನಡ ಓದಿದವರು ಬೇಕಲ್ಲ. ಕಳೆದ ವರ್ಷದಿಂದ ಅಗಳಿ ಕಡೆಯ ಒಬ್ಬ ಹುಡುಗಿ ನಮ್ಮ ಆಟಕ್ಕೆ ಸೇರಿದ್ದಾಳೆ. ಹತ್ತರವರೆಗೆ ಕನ್ನಡ ಶಾಲೆ, ಈಗ ಹಿಂದೂಪುರದಲ್ಲಿ ಡಿಗ್ರಿ. ಮೊದಲ ತಿಂಗಳು ಬರೀ ನೋಡ್ತಾ ಇದ್ದಳು, ಆಮೇಲೆ ಮೂರು ಸಲ ಮೇಷ್ಟ್ರಿಗಿಂತ ಮುಂಚೆ ಬಿಡಿಸಿದಳು. ಮುಂದಿನ ಯುಗಾದಿಗೆ ಕನ್ನಡದ ಕುರ್ಚಿ ಅವಳಿಗೆ ಅಂತ ಕಾರ್ಯಕ್ರಮದವರಿಗೆ ಹೇಳಿಕಳಿಸಿದ್ದೇವೆ, ಹೇಳಿದವರು ಮೇಷ್ಟ್ರೇ. "ಅಮ್ಮಾಯಿ, ಗಂಟೆ ನಾನೇ ಬಾರಿಸ್ತೀನಿ, ಆ ಕೆಲಸ ನಂಗೆ 권 ಆಗಿದೆ" ಅಂದರಂತೆ.

ಈ ವಾರ ಅವಳು ಹಾಕಿರೋ ಸಮಸ್ಯೆ ಇನ್ನೂ ಯಾರಿಗೂ ಬಗೆಹರಿದಿಲ್ಲ: "ಪಾಲು ಕೇಳಿದ ತಮ್ಮನಿಗೆ ಕರೆದೆಮ್ಮೆ ಕೊಟ್ಟನಲಾ." ಪಾಲು ಅಂದರೆ ತೆಲುಗಿನವರಿಗೆ ಹಾಲು, ನಮಗೆ ಆಸ್ತಿಯ ಭಾಗ. ಕರೆದು ಎಮ್ಮೆ ಕೊಟ್ಟನೋ, ಹಾಲು ಕರೆದು ಮುಗಿಸಿದ ಎಮ್ಮೆ ಕೊಟ್ಟನೋ, ಅದೂ ನಮ್ಮ ಮೇಲೇ ಬಿಟ್ಟಿದ್ದಾಳೆ. ಷರತ್ತು ಎರಡು: ಭಾಮಿನಿ ಷಟ್ಪದಿಯೇ ಆಗಬೇಕು, ಉಳಿದ ಐದು ಸಾಲಿನಲ್ಲಿ ಹಾಲು, ಆಸ್ತಿ ಎರಡೂ ಮಾತು ಬರಕೂಡದು. ಜೇಬಿನಲ್ಲಿ ಉತ್ತರ ಇದೆಯೇನಮ್ಮಾ ಅಂತ ಕೇಳಿದೆ. "ಎರಡಿದೆ ಮಾವಾ" ಅಂದಳು.